ಪರದೇಶದ ವಿದ್ಯೆ, ಊರಿನ ಬಾಗಿಲು



ನಿಮ್ಮ ಊರಿನಿಂದಲೂ ಯಾರಾದರೊಬ್ಬರು ಪರದೇಶಕ್ಕೆ ಓದಲು ಹೋಗಿರಬಹುದು. ಈಗ ಅವರ ಅವ್ವ ಫೋನಿನಲ್ಲಿ ಮುಖ ನೋಡಿಯೇ "ಊಟ ಆಯ್ತೇನಪ್ಪಾ" ಎಂದು ಕೇಳುತ್ತಾಳೆ. ನೂರು ವರ್ಷದ ಹಿಂದೆ ಆ ಮಾತು ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಬೇಕಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ ಹೆಸರಿನಿಂದ ಪರಿಚಿತರಾದ ಇಬ್ಬರು ಅಂಥ ಕಾಲದಲ್ಲಿ ಸಮುದ್ರ ದಾಟಿ ಓದಿ ಬಂದರು. ಅವರ ಪದವಿಗಳ ಪಟ್ಟಿ ನೀವು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಅವರು ಎಲ್ಲಿ ಮಲಗಿದರು, ಏನು ಉಂಡರು, ತಿರುಗಿ ಬಂದಾಗ ಏನಾಯಿತು ಎಂಬುದನ್ನು ಇಂದು ಹೇಳುತ್ತೇನೆ.

ಮೊದಲನೆಯವರು ಆನಂದಿಬಾಯಿ ಜೋಶಿ. 1883ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದಾಗ ಅವರಿಗೆ 18 ವರ್ಷ. ಗಂಡ ಗೋಪಾಲರಾವ್ ಅಂಚೆ ಇಲಾಖೆಯ ನೌಕರ, ಜೊತೆಗೆ ಹೋಗಲಿಲ್ಲ. ಹೆತ್ತ ಮಗು ಹತ್ತೇ ದಿನಕ್ಕೆ ತೀರಿಕೊಂಡ ಮೇಲೆ ಹುಟ್ಟಿದ ಹಟ ಅದು, ವೈದ್ಯಳಾಗಬೇಕೆಂಬುದು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗಲೂ ಸೀರೆ ಬಿಡಲಿಲ್ಲ, ಶಾಕಾಹಾರ ಬಿಡಲಿಲ್ಲ. ಆ ಚಳಿಗೆ ಅದು ಸಾಲದು. 1886ರ ಮಾರ್ಚ್‌ನಲ್ಲಿ ಎಂ.ಡಿ. ಪದವಿ ಕೈಗೆ ಬರುವಷ್ಟರಲ್ಲಿ ದೇಹ ಸೋತಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ, ಹೆಂಗಸರ ವಿಭಾಗದಲ್ಲಿ, ಕೆಲಸ ಕಾದಿತ್ತು. ಅಲ್ಲಿಗೆ ಹೋಗುವುದಾಗಲೇ ಇಲ್ಲ. 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು; 22 ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು.

ಎರಡನೆಯವರು ಭೀಮರಾವ್ ಅಂಬೇಡ್ಕರ್. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು, ಜುಲೈನಲ್ಲಿ ಮಗ ನ್ಯೂಯಾರ್ಕಿನಲ್ಲಿದ್ದರು. ವಯಸ್ಸು 22. ಮನೆಯಲ್ಲಿ ಹೆಂಡತಿ ರಮಾಬಾಯಿ, ಎಳೆಗೂಸು ಯಶವಂತ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಮೂರು ವರ್ಷದ ಮಟ್ಟಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟಿದ್ದರು. ಕರಾರು ಹೀಗಿತ್ತು: ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕು. ಈ ಕರಾರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ವಸತಿಗೃಹದಲ್ಲಿ ಮೊದಲು ಇಳಿದರು. ಅಲ್ಲಿನ ಊಟ ಒಗ್ಗಲಿಲ್ಲ, ಜಾಗ ಬದಲಿಸಿದರು. ಆಮೇಲೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭಠೇನಾ ಎಂಬ ಪಾರಸಿ ತರುಣನ ಜೊತೆ ಇದ್ದರು. ಆ ಸ್ನೇಹ ಕೊನೆತನಕ ಉಳಿಯಿತು. ಬಂದ ಹಣದಲ್ಲಿ ಮನೆಗೂ ಕಳಿಸಬೇಕು, ಹೊಟ್ಟೆಗೂ ಹಾಕಬೇಕು. ಉಳಿದ ಚಿಲ್ಲರೆಯಲ್ಲಿ ಹಳೆಯ ಪುಸ್ತಕ ಕೊಳ್ಳುತ್ತಿದ್ದರು. ಸೆಲಿಗ್‌ಮನ್, ಜಾನ್ ಡ್ಯೂಯಿಯಂಥ ಗುರುಗಳು ದೊರೆತರು. ತಮ್ಮ ಬಾಳಿನ ಅತ್ಯುತ್ತಮ ಗೆಳೆಯರಲ್ಲಿ ಕೊಲಂಬಿಯಾದ ಸಹಪಾಠಿಗಳೂ ಪ್ರಾಧ್ಯಾಪಕರೂ ಸೇರಿದ್ದಾರೆಂದು ಮುಂದೆ ಅವರೇ ಬರೆದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ತರಗತಿಯಲ್ಲಿ ಭಾರತದ ಜಾತಿಗಳ ಕುರಿತ ಪ್ರಬಂಧ ಓದಿದರು. ಊರ ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆ ಕೂರಿಸಿದ್ದ ಹುಡುಗ ಇವನೇ ಎಂದು ಆ ಕೋಣೆಯಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ!

ಅಲ್ಲಿಂದ ಲಂಡನ್. ಗ್ರೇಸ್ ಇನ್ನಿನಲ್ಲಿ ಕಾನೂನು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ. ಅರ್ಧ ದಾರಿಯಲ್ಲೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ನಾಲ್ಕು ವರ್ಷದೊಳಗೆ ಬಂದು ಓದು ಪೂರೈಸಬಹುದೆಂಬ ಅನುಮತಿ ಪಡೆದು 1917ರಲ್ಲಿ ಹೊರಟರು. ಮಹಾಯುದ್ಧದ ಕಾಲ. ತಾವು ಒಂದು ಹಡಗಿನಲ್ಲಿ, ಪುಸ್ತಕ ಸಾಮಾನು ಇನ್ನೊಂದರಲ್ಲಿ. ಸಾಮಾನಿನ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು. ಪರಿಹಾರವೆಂದು ಬಂದ ದುಡ್ಡಿನಲ್ಲೇ ಬರೋಡೆಗೆ ಹೋದರು ಎಂದರೆ ಅವರ ಸ್ಥಿತಿ ನೀವೇ ಊಹಿಸಿ.

ಬರೋಡೆಯ ಕಥೆಯನ್ನು ಅವರು ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ. ವಿದೇಶದಲ್ಲಿದ್ದಷ್ಟು ಕಾಲ ತಾವು ಅಸ್ಪೃಶ್ಯರೆಂಬುದೇ ಮನಸ್ಸಿನಿಂದ ಅಳಿಸಿಹೋಗಿತ್ತಂತೆ. ರೈಲಿನಿಂದ ಇಳಿದ ಕೂಡಲೇ ಮೊದಲ ಪ್ರಶ್ನೆ ಎದ್ದಿತು: ಎಲ್ಲಿಗೆ ಹೋಗುವುದು? ಹಿಂದೂ ಖಾನಾವಳಿಯವರು ಸೇರಿಸುವುದಿಲ್ಲ. ಕೊನೆಗೆ ಒಂದು ಪಾರಸಿ ವಸತಿಗೃಹದಲ್ಲಿ, ಪಾರಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಉಳಿದರು. ಮಹಡಿಯ ಮೇಲೆ ಬೇರೊಬ್ಬ ಮನುಷ್ಯನಿಲ್ಲ. ಮುರುಕು ಸಾಮಾನು ತುಂಬಿದ ಕತ್ತಲೆಯ ಹಜಾರ, ಒಂದು ಚಿಕ್ಕ ಲಾಟೀನು. ಹಗಲು ಲೆಕ್ಕಪತ್ರ ಇಲಾಖೆಯ ಕಚೇರಿ, ರಾತ್ರಿ ಆ ಕತ್ತಲೆಯಲ್ಲಿ ಪುಸ್ತಕ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಪಾರಸಿಗಳು ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಜಾಗ ಬಿಡು ಎಂದರು.

ಊರಲ್ಲಿ ಇಬ್ಬರು ಗೆಳೆಯರಿದ್ದರು. ಹಿಂದೂ ಗೆಳೆಯ, ನೀನು ಬಂದರೆ ನಮ್ಮ ಆಳುಗಳೆಲ್ಲ ಹೊರಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯ, ಹೆಂಡತಿ ಊರಿನಿಂದ ಬರಲಿ, ಕೇಳಿ ಹೇಳುತ್ತೇನೆ ಎಂದ. ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದಿ ಬಂದ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಮುಂಬಯಿ ರೈಲಿಗಾಗಿ ರಾತ್ರಿಯವರೆಗೆ ಕಾದರು. ಹತ್ತು ವರ್ಷದ ಕರಾರು ಹನ್ನೊಂದು ದಿನಕ್ಕೆ ಮುರಿಯಿತು. ಮುರಿದವರು ಯಾರು, ನೀವೇ ಹೇಳಿ. ಮಹಾರಾಜರು ಹಣ ಕೊಡಬಲ್ಲವರಾಗಿದ್ದರು. ಅವರ ರಾಜಧಾನಿಯಲ್ಲಿ ಬಾಡಿಗೆಗೆ ಒಂದು ಕೋಣೆ ಮಾತ್ರ ಸಿಗಲಿಲ್ಲ.

ಅರ್ಧಕ್ಕೆ ನಿಂತ ಓದನ್ನು ಅವರು ಬಿಡಲಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಹಣ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಹಳೆಯ ಗೆಳೆಯ ಭಠೇನಾ 5,000 ರೂಪಾಯಿ ಸಾಲ ಕೊಟ್ಟ. 1920ರಲ್ಲಿ ಮತ್ತೆ ಲಂಡನ್. ಈ ಸಲ ಮನೆಯೊಡತಿ ಬಲು ಜಿಪುಣಿ. ಬೆಳಿಗ್ಗೆ ಒಂದು ಚೂರು ರೊಟ್ಟಿ, ಸ್ವಲ್ಪ ಜಾಮು. ದಿನವಿಡೀ ಗ್ರಂಥಾಲಯ. ರಾತ್ರಿ ಹಸಿವಾದರೆ ಸುಟ್ಟ ಹಪ್ಪಳ, ಒಂದು ಲೋಟ ಹಾಲು. ನಮ್ಮ ಕಡೆ ಹಪ್ಪಳವೆಂದರೆ ಹಬ್ಬದ ಎಲೆಯ ಮೂಲೆಯ ಸಂಗತಿ. ಅಲ್ಲಿ ಅದೇ ಊಟ. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್. ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧವನ್ನು ಪರೀಕ್ಷಕರ ಆಕ್ಷೇಪದಿಂದಾಗಿ ತಿದ್ದಿ ಮತ್ತೆ ಕಳಿಸಬೇಕಾಯಿತು. 1923ರಲ್ಲಿ ಡಿ.ಎಸ್ಸಿ. ಬಂತು.

1924ರಲ್ಲಿ ಅವರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಆ ಸಭೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು ನಮ್ಮ ಸೊಲ್ಲಾಪುರದಲ್ಲೇ ನಡೆಯಿತು. 1925ರ ಜನವರಿಯಲ್ಲಿ ಅಲ್ಲಿ ದಲಿತ ಹುಡುಗರಿಗಾಗಿ ಒಂದು ಬೋರ್ಡಿಂಗ್ ತೆರೆದರು. ಪುರಸಭೆಯೂ ಅನುದಾನ ಕೊಟ್ಟಿತು. ಹೈಸ್ಕೂಲು ಓದಲು ಬರುವ ಹುಡುಗರಿಗೆ ಅಲ್ಲಿ ಊಟ, ಬಟ್ಟೆ, ಬರೆಯಲು ಕಾಗದ ಸಿಗುತ್ತಿತ್ತು. ರಾತ್ರಿ ಮಲಗಲು ಜಾಗವೂ ಇತ್ತು. ಅಲ್ಲಿ ಯಾರೂ ಸುಳ್ಳು ಹೆಸರು ಬರೆಸಬೇಕಿರಲಿಲ್ಲ.