ಸೂರ್ಯನ ಗಾಳಿಯ ಲೆಕ್ಕ ಹಿಡಿದ ಕನ್ನಡಿಗ: ಅದಮಾರಿನಿಂದ ಆದಿತ್ಯ-ಎಲ್1ರವರೆಗೆ

ಇವತ್ತು ರಾತ್ರಿ ಭೂಮಿಯ ಹತ್ತಿರ ಅಪಾಯದ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎಂಬ ವಾಟ್ಸ್ಆ್ಯಪ್ ಮೆಸೇಜು ನಿಮಗೂ ಬಂದಿರಬಹುದು. ಎಷ್ಟೋ ವರ್ಷಗಳಿಂದ ಅದು ಊರಿಂದೂರಿಗೆ ಸುತ್ತುತ್ತಲೇ ಇದೆ. ಆ ಮೆಸೇಜು ಸುಳ್ಳು. ಆದರೆ ಸೂರ್ಯನಿಂದ ನಮ್ಮ ಕಡೆಗೆ ಒಂದು ಗಾಳಿ ಬೀಸುವುದು ನಿಜ. ಅದಕ್ಕೆ ಯಾವಾಗ ಹೆದರಬೇಕು, ಯಾವಾಗ ಬೇಡ ಎಂದು ಜಗತ್ತು ಕಲಿತ ಕತೆಯಲ್ಲಿ ಉಡುಪಿ ಜಿಲ್ಲೆಯ ಒಬ್ಬರ ಪಾಲು ದೊಡ್ಡದು. ಅವರೇ ಪ್ರೊ. ಯು.ಆರ್. ರಾವ್.

ಬಿಡುವಿಲ್ಲದ ಗಾಳಿ

ನಮ್ಮ ಆಷಾಢದ ಗಾಳಿ ಎರಡು ತಿಂಗಳು ಬೀಸಿ ಸುಮ್ಮನಾಗುತ್ತದೆ. ಸೂರ್ಯನ ಗಾಳಿಗೆ ಅಂಥ ಬಿಡುವಿಲ್ಲ. ಇದು ನಾವು ಉಸಿರಾಡುವ ಗಾಳಿಯಲ್ಲ, ವಿದ್ಯುತ್ ಅಂಶ ತುಂಬಿದ ಸಣ್ಣ ಕಣಗಳ ಹರಿವು. ಒಂದು ಚಮಚದಷ್ಟು ಜಾಗದಲ್ಲಿ ಹತ್ತಾರು ಕಣಗಳಿರಬಹುದು, ಅಷ್ಟು ತೆಳು. ವೇಗ ಮಾತ್ರ ಸೆಕೆಂಡಿಗೆ 300ರಿಂದ 800 ಕಿಲೋಮೀಟರ್. ಬಿಸಿಲು ಸೂರ್ಯನಿಂದ ನಮ್ಮಲ್ಲಿಗೆ 8 ನಿಮಿಷದಲ್ಲಿ ಬರುತ್ತದೆ. ಈ ಗಾಳಿಗೆ ಎರಡರಿಂದ ಐದಾರು ದಿನ ಬೇಕು.

ಇಂಥದ್ದೊಂದು ಇದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಧೂಮಕೇತುಗಳ ಬಾಲದಿಂದ. ಧೂಮಕೇತು ಯಾವ ದಿಕ್ಕಿಗೆ ಓಡಿದರೂ ಅದರ ಬಾಲ ಸೂರ್ಯನಿಗೆ ಬೆನ್ನು ಹಾಕಿಯೇ ಇರುತ್ತದೆ. ಏನೋ ಒಂದು ಅದನ್ನು ತಳ್ಳುತ್ತಿರಬೇಕು ಎಂದು 1951ರಲ್ಲಿ ಜರ್ಮನಿಯ ಲುಡ್ವಿಗ್ ಬಿಯರ್‌ಮನ್ ಹೇಳಿದರು. 1958ರಲ್ಲಿ ಅಮೆರಿಕದ ಯುಜೀನ್ ಪಾರ್ಕರ್ ಲೆಕ್ಕ ಹಾಕಿ, ಸೂರ್ಯನಿಂದ ಸದಾ ಗಾಳಿ ಬೀಸಲೇಬೇಕು ಎಂದು ಬರೆದರು. ಆ ಬರಹವನ್ನು ಪರಿಶೀಲಿಸಿದ ಇಬ್ಬರು ತಜ್ಞರೂ ಇದು ಬೇಡ ಎಂದರು. ಪತ್ರಿಕೆಯ ಸಂಪಾದಕರಾಗಿದ್ದವರು ಭಾರತ ಮೂಲದ ಎಸ್. ಚಂದ್ರಶೇಖರ್. ಅವರಿಗೂ ನಂಬಿಕೆ ಬಂದಿರಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಕಾಣದ ಕಾರಣ ಅಚ್ಚು ಹಾಕಿಸಿದರು.

ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಅಲ್ಲಿಗೇ ಹೋಗಿ ಅಳೆಯಬೇಕಿತ್ತು. ಸೋವಿಯತ್ ಒಕ್ಕೂಟದ ಲೂನಾ ನೌಕೆಗಳು 1959ರಲ್ಲಿ ಆ ಕಣಗಳನ್ನು ಕಂಡವು. ದಿನಗಟ್ಟಲೆ ಬಿಡದೆ ಅಳೆದ ಲೆಕ್ಕ ಸಿಕ್ಕಿದ್ದು 1962ರ ಆಗಸ್ಟ್ 27ರಂದು ಹೊರಟ ಅಮೆರಿಕದ ಮ್ಯಾರಿನರ್-2ರಿಂದ. ಶುಕ್ರ ಗ್ರಹದ ಕಡೆಗೆ ಸಾಗಿದ ಆ ನೌಕೆ ಮೂರು ತಿಂಗಳಿಗೂ ಹೆಚ್ಚು ಕಾಲ ಗಾಳಿಯನ್ನು ಅಳೆಯಿತು. ಗಾಳಿ ಒಂದು ದಿನವೂ ನಿಂತಿರಲಿಲ್ಲ.

ಅದಮಾರಿನಿಂದ ಅಮೆರಿಕಕ್ಕೆ

ಉಡುಪಿ ರಾಮಚಂದ್ರ ರಾವ್ ಹುಟ್ಟಿದ್ದು 1932ರ ಮಾರ್ಚ್ 10ರಂದು, ಅದಮಾರು ಎಂಬ ಹಳ್ಳಿಯಲ್ಲಿ. ಪ್ರಾಥಮಿಕ ಶಾಲೆ ಅಲ್ಲೇ. ಆಮೇಲೆ ಉಡುಪಿ, ಬಳ್ಳಾರಿ, ಅನಂತಪುರ, ಬನಾರಸ್ ಎಂದು ಓದು ಸಾಗಿತು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಡಾಕ್ಟರೇಟ್ ಮುಗಿಸಿ, 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಗೆ ಹೋದರು.

ಮ್ಯಾರಿನರ್-2ರ ಅಂಕಿಗಳನ್ನು ಹಿಡಿದು ಕಾನ್ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬಾವರ್ ಜೊತೆ ರಾವ್ 1963ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಮಾಡಿದ ಕೆಲಸ ನಮಗೂ ಅರ್ಥವಾಗುವಂಥದ್ದು. ಒಂದು ಕಡೆ ನೌಕೆ ಅಳೆದ ಗಾಳಿಯ ವೇಗ, ಇನ್ನೊಂದು ಕಡೆ ಭೂಮಿಯ ಮೇಲಿನ ಕೇಂದ್ರಗಳು ಬರೆದಿಟ್ಟ ಅಯಸ್ಕಾಂತದ ಏರುಪೇರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಗಾಳಿ ಜೋರಾದಾಗ ಭೂಮಿಯ ಅಯಸ್ಕಾಂತ ಕ್ಷೇತ್ರವೂ ಅಲುಗಾಡಿತ್ತು. ಸುಮಾರು 27 ದಿನಕ್ಕೊಮ್ಮೆ ಅದೇ ಜೋರು ಮರಳಿ ಬರುತ್ತಿತ್ತು. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ಒಂದು ಸುತ್ತು ಮುಗಿಸುವುದು ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ.

ಚುಂಚನಕಟ್ಟೆಯಲ್ಲಿ ಕಾವೇರಿ ನೀರು ಬಂಡೆಗೆ ಬಡಿದು ಇಬ್ಭಾಗವಾಗಿ, ಹಿಂದೆ ಹೋಗಿ ಕೂಡುವುದನ್ನು ನೋಡಿದ್ದೀರಲ್ಲ? ಭೂಮಿಯೂ ಈ ಗಾಳಿಯಲ್ಲಿ ಅಂಥ ಬಂಡೆ. ಭೂಮಿಯ ಒಡಲಿನ ಅಯಸ್ಕಾಂತ ಶಕ್ತಿ ಸೂರ್ಯನ ಕಡೆಗೆ ಸುಮಾರು 65,000 ಕಿಲೋಮೀಟರ್ ದೂರದವರೆಗೆ ಬೇಲಿ ಹಾಕಿ ನಿಂತಿದೆ. ಗಾಳಿ ಅದಕ್ಕೆ ಬಡಿದು ಸುತ್ತಿ ಹೋಗುತ್ತದೆ. ಅದನ್ನು ದಾಟಿ ಬಂದ ಕಣಗಳನ್ನು ನಮ್ಮ ತಲೆ ಮೇಲಿನ ವಾತಾವರಣ ತಡೆಯುತ್ತದೆ.

ಬೇಲಿ ಅಲುಗಿದಾಗ

ಸೂರ್ಯನಲ್ಲಿ ಸ್ಫೋಟವಾದಾಗ ಗಾಳಿ ಬಿರುಗಾಳಿಯಾಗಿ ಆ ಬೇಲಿಯನ್ನು ಒತ್ತುತ್ತದೆ. 1859ರ ಸೆಪ್ಟೆಂಬರ್ 2ರಂದು ಮುಂಬೈಯ ಕೊಲಾಬಾ ವೀಕ್ಷಣಾಲಯದ ಅಯಸ್ಕಾಂತ ಮಾಪಕ ಭಾರಿ ಕುಸಿತ ದಾಖಲಿಸಿತು. ಆ ಬಿರುಗಾಳಿಗೆ ಯುರೋಪ್, ಅಮೆರಿಕದಲ್ಲಿ ತಂತಿ ಸೇವೆ ಅಸ್ತವ್ಯಸ್ತವಾಯಿತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 60 ಲಕ್ಷ ಜನರಿಗೆ ಸುಮಾರು 9 ಗಂಟೆ ಕರೆಂಟು ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಬಿರುಗಾಳಿಯ ಬಿಸಿಗೆ ಮೇಲಿನ ವಾತಾವರಣ ಉಬ್ಬಿತು. ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಮೇಲೇರಲಾಗದೆ ನಾಶವಾದವು. 2024ರ ಮೇ ತಿಂಗಳಲ್ಲಿ ಅಮೆರಿಕದ ಎಷ್ಟೋ ರೈತರು ಬಿತ್ತನೆಯ ನಡುವೆಯೇ ಟ್ರ್ಯಾಕ್ಟರ್ ನಿಲ್ಲಿಸಬೇಕಾಯಿತು. ಸಾಲು ತಪ್ಪದಂತೆ ದಾರಿ ತೋರಿಸುವ ಜಿಪಿಎಸ್ ಕೈಕೊಟ್ಟಿತ್ತು. ಅದೇ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪಾಗಿತ್ತು.

ಇಷ್ಟರಲ್ಲಿ ಎಲ್ಲೂ ನೆಲದ ಮೇಲೆ ಮಲಗಿದ್ದವರ ಮೈಗೆ ಏನೂ ಆಗಿಲ್ಲ ಎಂಬುದನ್ನು ಗಮನಿಸಿ. ಪೆಟ್ಟು ಬಿದ್ದದ್ದು ಉದ್ದನೆಯ ತಂತಿಗೆ, ವಿದ್ಯುತ್ ಜಾಲಕ್ಕೆ, ಉಪಗ್ರಹಕ್ಕೆ.

ಎರಡು ರೂಪಾಯಿ ನೋಟಿನ ಉಪಗ್ರಹ

ಅಮೆರಿಕದ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳಲ್ಲೂ ಪ್ರಯೋಗ ನಡೆಸಿದ್ದ ರಾವ್ 1966ರಲ್ಲಿ ದೇಶಕ್ಕೆ ಮರಳಿದರು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಅವರ ತಂಡ ಆರ್ಯಭಟವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ಸೂರ್ಯನನ್ನು ಗಮನಿಸುವ ಉಪಕರಣವೂ ಅದರಲ್ಲಿತ್ತು. ಆದರೆ ವಿದ್ಯುತ್ ಪೂರೈಕೆ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ತಿರುಗಿಸಿ ನೋಡಿ, ಹಿಂಬದಿಯಲ್ಲಿರುವುದು ಇದೇ ಆರ್ಯಭಟ.

ಇವತ್ತು ಎಚ್.ಡಿ. ಕೋಟೆಯ ಕಾಡಂಚಿನ ಮನೆಯ ಮೇಲೂ ಡಿಶ್ ಇದೆ. ಹೊಗೆಸೊಪ್ಪು ಬೆಳೆಯುವವರು ಮಳೆ ಮೋಡದ ಚಿತ್ರವನ್ನು ಫೋನಿನಲ್ಲೇ ನೋಡುತ್ತಾರೆ. ಟಿ.ವಿ.ಗೂ ಮಳೆಯ ಚಿತ್ರಕ್ಕೂ ಬೇಕಾದ ಇಸ್ರೋದ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳನ್ನು ನಿಯಂತ್ರಿಸುವ ಎಂಸಿಎಫ್ ಕೇಂದ್ರ ಪಿರಿಯಾಪಟ್ಟಣ, ಕೆ.ಆರ್. ನಗರಗಳ ಪಕ್ಕದ ಜಿಲ್ಲೆಯಾದ ಹಾಸನದಲ್ಲೇ ಇದೆ. ದೊಡ್ಡ ಬಿರುಗಾಳಿ ಬಂದರೆ ಭೂಮಿಯ ಬೇಲಿ ಈ ಉಪಗ್ರಹಗಳಿಗಿಂತ ಒಳಕ್ಕೆ ಸರಿಯುವುದುಂಟು. ಆಗ ಅವು ಬೇಲಿಯ ಹೊರಗೆ, ನೇರ ಗಾಳಿಗೆ ಮೈಯೊಡ್ಡಿ ನಿಲ್ಲುತ್ತವೆ.

ಒಂದು ಗಂಟೆಯ ಎಚ್ಚರಿಕೆ

ಆದಿತ್ಯ ಯೋಜನೆಯ ಮಾತು ಶುರುವಾದದ್ದು 2008ರಲ್ಲಿ, ಇಸ್ರೋದ ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಯಲ್ಲಿ. ಸಮಿತಿಯ ಮುಂದಾಳು ರಾವ್. ಮೊದಲಿನ ಯೋಚನೆ, ಒಂದೇ ಉಪಕರಣದ ಸಣ್ಣ ಉಪಗ್ರಹವನ್ನು 800 ಕಿಲೋಮೀಟರ್ ಎತ್ತರಕ್ಕೆ ಕಳಿಸುವುದು. ಅಷ್ಟು ಎತ್ತರ ಭೂಮಿಯ ಬೇಲಿಯ ಒಳಗೇ ಆಯಿತು, ಗಾಳಿಯನ್ನು ಅಳೆಯಲು ಅದು ಸಾಲದು. ಮುಂದೆ ಯೋಜನೆ ಬೆಳೆದು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿಗೆ, ಏಳು ಉಪಕರಣಗಳಿಗೆ ವಿಸ್ತರಿಸಿತು. ರಾವ್ 2017ರ ಜುಲೈ 24ರಂದು ತೀರಿಕೊಂಡರು. ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು, ಎಲ್1 ತಲುಪಿದ್ದು 2024ರ ಜನವರಿ 6ರಂದು. ನೌಕೆಯನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರ. ಅದಕ್ಕೆ ಈಗ ಯು.ಆರ್. ರಾವ್ ಅವರದೇ ಹೆಸರು.

ಸೂರ್ಯನ ಹೊರಕವಚವನ್ನು ನೋಡುವ ಮುಖ್ಯ ಉಪಕರಣ ಸಿದ್ಧವಾದದ್ದು ಹೊಸಕೋಟೆಯಲ್ಲಿ, ಅಯಸ್ಕಾಂತ ಮಾಪಕ ಬೆಂಗಳೂರಿನಲ್ಲಿ. ಗಾಳಿಯ ಕಣಗಳನ್ನು ಅಳೆಯುವ ಎರಡು ಉಪಕರಣಗಳು ಅಹಮದಾಬಾದ್ ಮತ್ತು ತಿರುವನಂತಪುರದವು. ನೌಕೆಯ ದನಿಗೆ ಕಿವಿಗೊಡುವ ದೊಡ್ಡ ಆಂಟೆನಾ ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿದೆ.

ಸೂರ್ಯನ ಕಡೆ ನೌಕೆ ಕಳಿಸಿ ನಮಗೇನು ಬಂತು ಎಂದು ಕೇಳುವವರಿಗೆ ಒಂದು ಸರಳ ಲೆಕ್ಕವಿದೆ. ಗಾಳಿ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿದ್ದರೆ ಎಲ್1ರಿಂದ ಭೂಮಿಗೆ ಬರಲು ಒಂದು ಗಂಟೆ ಬೇಕು. 800 ಇದ್ದರೆ ಅರ್ಧ ಗಂಟೆ. ಹುಣಸೂರಿನಲ್ಲಿ ಬಸ್ಸು ಹತ್ತಿ ಮೈಸೂರಿನಲ್ಲಿ ಇಳಿಯುವಷ್ಟು ಹೊತ್ತು, ಅಷ್ಟೆ. ಉಪಗ್ರಹದ ಸೂಕ್ಷ್ಮ ಉಪಕರಣಗಳನ್ನು ಸುರಕ್ಷಿತ ಸ್ಥಿತಿಗೆ ತರಲು, ವಿದ್ಯುತ್ ಜಾಲದವರು ಹುಷಾರಾಗಲು ಆ ಹೊತ್ತು ಬೆಲೆಯುಳ್ಳದ್ದು.

ಹಾಗಾಗಿ ಸೂರ್ಯನ ಬಿರುಗಾಳಿಯ ಸುದ್ದಿ ಬಂದರೆ ಎಚ್ಚರವಾಗಿರಬೇಕಾದವರು ಹಾಸನ, ಬೆಂಗಳೂರಿನ ಕೇಂದ್ರಗಳಲ್ಲಿ ಕೂತವರು. ಕಿರಣಗಳಿಗೆ ಹೆದರಿ ನೀವು ಮೊಬೈಲ್ ಆಫ್ ಮಾಡಬೇಕಿಲ್ಲ. ಆ ಮೆಸೇಜು ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಅದಮಾರಿನ ರಾವ್ ಅವರ ಕತೆ ಹೇಳಿ.