ಅಪ್ಪನ ಜನತಾ ವಾಚಿಗೆ ಒಂದು ಕೇಸು

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಾನು ಚಿಕ್ಕಯ್ಯನಛತ್ರದಿಂದ ನಂಜನಗೂಡಿನ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದರಲ್ಲಿ ಅಪ್ಪನ ಹಳೆಯ ಎಚ್.ಎಂ.ಟಿ. ಜನತಾ ವಾಚು. ಇನ್ನೊಂದರಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ತರಿಸಿಕೊಟ್ಟಿದ್ದ ಹೊಸ ಉಕ್ಕಿನ ಕೇಸು. "ಅಮ್ಮ, ತಾತನ ವಾಚಿನ ಮಷೀನು ಚೆನ್ನಾಗೇ ಇದೆ, ಕೇಸು ಮಾತ್ರ ಹೋಗಿದೆ. ಇದರೊಳಗೆ ಕೂರಿಸಿದರೆ ಹಳೇ ಕಾಲದ ಮಿಲಿಟರಿ ವಾಚಿನ ಥರ ಕಾಣುತ್ತೆ" ಎಂದಿದ್ದ. ಕೇಸು ನೋಡಲು ನಿಜಕ್ಕೂ ಚೆಂದವಿತ್ತು. ಚೆಂದವಿದ್ದ ಮೇಲೆ ಹೊಂದಿಕೊಳ್ಳಲೇಬೇಕು ಎಂದು ನಾನೂ ನಂಬಿದ್ದೆ.

ನಂಜನಗೂಡಿನ ರಿಪೇರಿಯವರು ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಎರಡನ್ನೂ ತಿರುಗಿಸಿ ನೋಡಿದರು. "ಚೆನ್ನಾಗೈತೆ ಮೇಡಮ್ಮೋರೆ. ಆದ್ರೆ ಇದು ಬೇರೆ ಮಷೀನಿಗೆ ಮಾಡಿರೋ ಕೇಸು" ಎಂದರು. ನನ್ನ ಮುಖ ಸಪ್ಪಗಾದದ್ದು ಕಂಡು ಸ್ಟೂಲು ಎಳೆದು ಕೂರಿಸಿ, ಮಕ್ಕಳಿಗೆ ಹೇಳುವಂತೆ ವಿವರಿಸಿದರು. ಮೂವತ್ತು ವರ್ಷ ಪಾಠ ಮಾಡಿದವಳು ಅಂದು ವಿದ್ಯಾರ್ಥಿನಿಯಾದೆ.

ಕೇಸು ಆರಿಸುವಾಗ ಮೊದಲು ನೋಡಬೇಕಾದದ್ದು ಕೇಸನ್ನಲ್ಲ, ಒಳಗಿನ ಯಂತ್ರವನ್ನು. ಅಪ್ಪನ ವಾಚಿನ ಯಂತ್ರದ ನಂಬರು 0231. ಹದಿನೇಳು ಕಲ್ಲಿನದು, ಕೀ ಕೊಡುವಂಥದು, ಗಂಟೆಗೆ 18,000 ಸಲ ಮಿಡಿಯುವಂಥದು. ಆ ಯಂತ್ರ ಕೇಸಿನೊಳಗೆ ಅಲುಗಾಡದೆ ಕೂರಬೇಕು. ಡಯಲ್ಲಿನ ಅಂಚು ಕೇಸಿನ ಮೆಟ್ಟಿಲ ಮೇಲೆ ಸರಿಯಾಗಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೀ ಕಡ್ಡಿ. ಯಂತ್ರದಿಂದ ಹೊರಡುವ ಆ ಸಣ್ಣ ಕಡ್ಡಿ ಕೇಸಿನ ಪಕ್ಕದ ತೂತಿಗೆ ನೇರವಾಗಿ ಬರಬೇಕು. ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಕೀ ಕೊಟ್ಟಾಗಲೆಲ್ಲ ಉಜ್ಜಿ ಉಜ್ಜಿ ಒಂದು ದಿನ ಮುರಿಯುತ್ತದೆ. ಗಾಜು ತಗ್ಗಾದರೆ ಮುಳ್ಳು ತಾಗಿ ವಾಚು ನಿಲ್ಲುತ್ತದೆ. ಹಿಂದಿನ ಮುಚ್ಚಳ ಆಳವಿಲ್ಲದಿದ್ದರೆ ಯಂತ್ರವನ್ನೇ ಒತ್ತುತ್ತದೆ. ಮಗ ತರಿಸಿದ್ದ ಕೇಸು 40 ಮಿಲಿಮೀಟರಿನದು. ಅಪ್ಪನ ವಾಚು ಸುಮಾರು 35. ನಡುವೆ ಬಳೆಯಂಥದೊಂದನ್ನು ಇಟ್ಟು ಯಂತ್ರವನ್ನು ಕೂರಿಸಬಹುದಂತೆ. ಆದರೆ ಡಯಲ್ಲಿನ ಸುತ್ತ ಖಾಲಿ ಕಾಣುತ್ತದೆ, ಕಡ್ಡಿಯ ಎತ್ತರವಂತೂ ಕೂಡಿ ಬರುವುದಿಲ್ಲ.

"ಹಂಗಾದ್ರೆ ಇದಕ್ಕೆ ಹೊಂದೋ ಕೇಸು ಈಗೆಲ್ಲಿ ಸಿಗುತ್ತೆ?" ಎಂದೆ. ಅವರು ನಕ್ಕು ಮೇಜಿನ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದರು. ಅದರ ತುಂಬ ಸತ್ತ ವಾಚುಗಳ ಕೇಸು, ಮುಚ್ಚಳ, ಕೀ ಗುಂಡಿ. ಬಹಳಷ್ಟು ಎಚ್.ಎಂ.ಟಿ.ಯವೇ.

ಆ ಡಬ್ಬ ಹೀಗೆ ತುಂಬಿದ್ದಕ್ಕೆ ಒಂದು ಚರಿತ್ರೆಯಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮಲ್ಲಿ ಕೈಗಡಿಯಾರವೆಂದರೆ ಫೇವರ್ ಲೂಬಾ, ವೆಸ್ಟ್ ಎಂಡ್, ರೋಮರ್ ಎಂಬ ಪರದೇಶದ ಹೆಸರುಗಳೇ; ಉಳ್ಳವರ ಸೊತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಶುರುವಾದದ್ದು ವಾಚಿಗಾಗಿಯೂ ಅಲ್ಲ, ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. ಅಳತೆಯೇ ಅವರ ವಿದ್ಯೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲೇ ವಾಚಿನ ಕಾರ್ಖಾನೆ ಬಂತು. 1978ರಲ್ಲಿ ತುಮಕೂರಿನಲ್ಲೂ ಒಂದು ಬಂತು. ಹೆಣ್ಣುಮಕ್ಕಳು ಸಾಲಾಗಿ ಕೂತು ಚಿಮಟದಲ್ಲಿ ಬಿಡಿಭಾಗ ಜೋಡಿಸಿದರು. ಅವೆಲ್ಲ ಒಂದೇ ಅಳತೆಯವು. ಜನತಾಕ್ಕೂ 0231, ಪೈಲಟ್ಟಿಗೂ 0231. ಮುಖ ಬೇರೆ, ಹೃದಯ ಒಂದೇ. ಹಾಗಾಗಿಯೇ ಒಂದು ಸತ್ತರೆ ಅದರ ಭಾಗ ಇನ್ನೊಂದನ್ನು ಬದುಕಿಸಬಲ್ಲದು.

ಅಪ್ಪ ಈ ವಾಚು ಕೊಂಡದ್ದು 1982ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ. ಭತ್ತ ಮಾರಿದ ಹಣದಲ್ಲಿ ತಮಗಾಗಿ ಅವರು ಕೊಂಡ ಒಂದೇ ವಸ್ತು ಅದು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಳ್ಳು ಹೊಂದಿಸಿ, ಕೀ ಕೊಟ್ಟು, ಆಮೇಲೆ ಗದ್ದೆಗೆ ಹೊರಡುತ್ತಿದ್ದರು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ದಿನ ಅದನ್ನು ಬಿಚ್ಚಿ ನನ್ನ ಕೈಗೆ ಕೊಡಬಂದರು. "ಪೀರಿಯಡ್ಡಿಗೆ ಬೇಕಾಗ್ತದೆ ಕಣವ್ವ" ಎಂದರು. ನಾನು ತೆಗೆದುಕೊಳ್ಳಲಿಲ್ಲ. ಟೈಟನ್ನಿನ ವಾಚುಗಳು 1987ರಲ್ಲಿ ಮಾರುಕಟ್ಟೆಗೆ ಬಂದಿದ್ದವು. ಸೆಲ್ಲಿನದು, ತೆಳ್ಳಗಿನದು, ಕೀ ಕೊಡುವ ರಗಳೆಯಿಲ್ಲದ್ದು. ಸ್ಟಾಫ್ ರೂಮಿನಲ್ಲಿ ಗಂಡಸರ ದಪ್ಪ ವಾಚು ಕಟ್ಟಿಕೊಂಡು ಕೂರಲು ನನಗೆ ನಾಚಿಕೆ. ಅಪ್ಪ ಏನೂ ಹೇಳದೆ ಅದನ್ನು ಮತ್ತೆ ತಮ್ಮ ಕೈಗೇ ಕಟ್ಟಿಕೊಂಡರು.

2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತೆಂದು ಪತ್ರಿಕೆಯಲ್ಲಿ ಓದಿ ನಾನೂ ಎಲ್ಲರಂತೆ ನಿಟ್ಟುಸಿರು ಬಿಟ್ಟೆ. ಸರ್ಕಾರವನ್ನೂ ಬೈದೆ. ಆಡಳಿತದ ತಪ್ಪುಗಳು ಇದ್ದವು, ಕ್ವಾರ್ಟ್ಜ್ ಬಂದಾಗ ಎಚ್ಚೆತ್ತುಕೊಳ್ಳದ ಜಡತನವೂ ಇತ್ತು. ಆದರೆ ಪತ್ರಿಕೆ ಹಿಡಿದಿದ್ದ ನನ್ನ ಕೈಯಲ್ಲಿದ್ದ ವಾಚು ಯಾವುದು? ತುಮಕೂರಿನ ಆ ಜಾಗದ ದೊಡ್ಡ ಪಾಲು ಇಸ್ರೋಗೆ ಹೋಯಿತು ಎಂದು ಆಮೇಲೆ ಓದಿದಾಗ, ನಿಟ್ಟುಸಿರು ಬಿಡುವ ಹಕ್ಕು ನನಗಿಲ್ಲ ಅನ್ನಿಸಿತು.

ಅಪ್ಪ ಹೋದ ಮೇಲೆ ವಾಚು ಬೀರುವಿನಲ್ಲೇ ಉಳಿಯಿತು. ಬೆವರಿಗೆ ಕೇಸಿನ ಕ್ರೋಮ್ ಎದ್ದು ಪಿತ್ತಳೆ ಕಾಣುತ್ತಿತ್ತು, ಬೆಲ್ಟು ಸಿಕ್ಕಿಸುವ ಒಂದು ಕಿವಿ ಸವೆದು ಮುರಿದಿತ್ತು. ಹಿಂದೊಮ್ಮೆ ಪಟ್ಟಣದ ಒಂದು ಅಂಗಡಿಗೆ ಒಯ್ದಿದ್ದಾಗ, "ಒಳಗಿನದನ್ನು ತೆಗೆದು ಸೆಲ್ ಮಷೀನು ಹಾಕಿಬಿಡೋಣ" ಎಂದಿದ್ದರು. ಇನ್ನೇನು ಹೂಂ ಅನ್ನುವುದರಲ್ಲಿದ್ದೆ.

ನಂಜನಗೂಡಿನವರು ಡಬ್ಬದಿಂದ ಮೂರು ಕೇಸು ಆರಿಸಿದರು. ಮೊದಲನೆಯದರಲ್ಲಿ ಡಯಲ್ಲು ಸಡಿಲವಾಯಿತು. ಎರಡನೆಯದರಲ್ಲಿ ಕಡ್ಡಿ ತೂತಿಗೆ ಬರಲಿಲ್ಲ. ಮೂರನೆಯದು ಯಾರದೋ ಹಳೆಯ ಜನತಾದ್ದು. ಯಂತ್ರ ಅದರೊಳಗೆ ಹೋಗಿ ಸದ್ದಿಲ್ಲದೆ ಕೂತಿತು. ಹೊಸ ಗಾಜು, ಹೊಸ ಕೀ ಗುಂಡಿ, ಅದಕ್ಕೆ ತಕ್ಕಷ್ಟು ಉದ್ದಕ್ಕೆ ಕತ್ತರಿಸಿದ ಕಡ್ಡಿ, 18 ಮಿಲಿಮೀಟರಿನ ಬೆಲ್ಟು. "ಡಯಲ್ ಹಳದಿಯಾಗೈತೆ, ಹೊಸದಾಗಿ ಬಣ್ಣ ಹೊಡೆಸಲಾ?" ಎಂದರು. ಬೇಡವೆಂದೆ. ಅಪ್ಪ ನೋಡಿದ ಮುಖ ಅದು.

ಅಪ್ಪನ ಮುಚ್ಚಳವನ್ನಾದರೂ ಹಾಕಿ ಎಂದು ಕೇಳಿದೆ. ಹಾಕಿ ನೋಡಿದರು, ಅಂಚು ಸವೆದಿದ್ದರಿಂದ ಅದು ಕಚ್ಚಲಿಲ್ಲ. ಅದರ ಒಳಮೈಯಲ್ಲಿ ರಿಪೇರಿಯವರು ಮೊಳೆಯಲ್ಲಿ ಗೀಚಿದ ತಾರೀಖುಗಳಿದ್ದವು, ನಾಲ್ಕೋ ಐದೋ. ಹೊಸ ಮುಚ್ಚಳದೊಳಗೂ ಹಾಗೆಯೇ ಯಾರದೋ ತಾರೀಖುಗಳು. ಅವರೂ ಯಾರಿಗೋ ಅಪ್ಪನೇ ಇರಬೇಕು.

ಮಗನ ಕೇಸನ್ನು ಅವನಿಗೇ ಹಿಂದಿರುಗಿಸಿದೆ. ಅಳತೆ ಕೇಳಿ ತರಿಸಬೇಕಿತ್ತು ಎಂದು ಅವನು, ಅಳತೆ ಹೇಳಬೇಕಿತ್ತು ಎಂದು ನಾನು. ಈಗ ದಿನಾ ಬೆಳಿಗ್ಗೆ ಕೀ ಕೊಟ್ಟು ಶಾಲೆಗೆ ಹೊರಡುತ್ತೇನೆ. ದಿನಕ್ಕೆರಡು ನಿಮಿಷ ಹಿಂದೆ ಬೀಳುತ್ತದೆ. ಪ್ರಾರ್ಥನೆಯ ಗಂಟೆಗೆ ಹೊಂದಿಸಿಕೊಳ್ಳುತ್ತೇನೆ.