ನಾಯಿಯ ಎದೆಯ ಎಕ್ಸ್-ರೇಯಲ್ಲಿ ಹೃದಯದ ಅಳತೆ: ತಳಿಭೇದ ಮತ್ತು ಮುಧೋಳ ನಾಯಿಯ ಪ್ರಶ್ನೆ

ಕೆಮ್ಮುವ, ಬೇಗ ದಣಿಯುವ ನಾಯಿಯನ್ನು ಪಶು ಆಸ್ಪತ್ರೆಗೆ ತಂದರೆ ಸಾಮಾನ್ಯವಾಗಿ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ವರದಿಯಲ್ಲಿ ‘ಹೃದಯ ಹಿಗ್ಗಿದೆ’ ಎಂದು ಬಂದರೆ ಮಾತ್ರೆ ಶುರುವಾಗುತ್ತದೆ, ಅನೇಕ ವೇಳೆ ಜೀವನಪರ್ಯಂತ. ಆದರೆ ಯಾವುದಕ್ಕೆ ಹೋಲಿಸಿ ಹಿಗ್ಗಿದೆ ಎನ್ನುತ್ತೇವೆ? ಎಲ್ಲ ತಳಿಗೂ ಒಂದೇ ಅಳತೆಗೋಲು ಹಿಡಿದರೆ ಆರೋಗ್ಯವಂತ ಬೇಟೆನಾಯಿಯೂ ರೋಗಿಯಾಗಿಬಿಡಬಹುದು ಎಂಬುದು ಈ ಲೇಖನದ ವಾದ.

ಹೃದಯದ ನೆರಳನ್ನು ಸೆಂಟಿಮೀಟರುಗಳಲ್ಲಿ ಅಳೆದರೆ ಪೊಮೆರೇನಿಯನ್ನಿಗೂ ಗ್ರೇಟ್ ಡೇನ್‌ಗೂ ತಾಳೆಯಾಗುವುದಿಲ್ಲ. ಈ ತೊಡಕನ್ನು ಬಿಡಿಸಲು ಸಂಶೋಧಕರಾದ ಬುಕನನ್ ಮತ್ತು ಬ್ಯೂಷೆಲರ್ 1995ರಲ್ಲಿ ನಾಯಿಯ ಬೆನ್ನೆಲುಬನ್ನೇ ಅಳತೆಗೋಲಾಗಿ ಬಳಸಿದರು. ಪಕ್ಕಕ್ಕೆ ಮಲಗಿಸಿ ತೆಗೆದ ಚಿತ್ರದಲ್ಲಿ, ಶ್ವಾಸನಾಳ ಕವಲೊಡೆಯುವಲ್ಲಿಂದ ಹೃದಯದ ತುದಿಯವರೆಗೆ ಒಂದು ಗೆರೆ. ಅದಕ್ಕೆ ಲಂಬವಾಗಿ, ಹೃದಯದ ನಡುಭಾಗ ಅತಿ ಅಗಲವಾಗಿರುವಲ್ಲಿ ಇನ್ನೊಂದು. ಎರಡನ್ನೂ ಎದೆಭಾಗದ ನಾಲ್ಕನೆಯ ಕಶೇರುಮಣಿಯ ಮುಂಭಾಗದ ಅಂಚಿನಿಂದ ಹಿಂದಕ್ಕೆ ಹಿಡಿದು, ಎಷ್ಟು ಮಣಿಗಳ ಉದ್ದವಾಯಿತೆಂದು ಎಣಿಸಿ ಕೂಡಿಸಬೇಕು. ಇದೇ ವಿಎಚ್‌ಎಸ್ (ವರ್ಟಿಬ್ರಲ್ ಹಾರ್ಟ್ ಸ್ಕೋರ್). ಅವರು ನೋಡಿದ 100 ಆರೋಗ್ಯವಂತ ನಾಯಿಗಳಲ್ಲಿ ಸರಾಸರಿ 9.7, ಮಾನಕ ವಿಚಲನೆ 0.5. ಇಂದು ಕ್ಲಿನಿಕ್ಕುಗಳಲ್ಲಿ ಬಾಯಿಪಾಠವಾಗಿರುವ 10.5 ಎಂಬ ಮೇಲ್ಮಿತಿಯ ಮೂಲ ಅಲ್ಲಿದೆ.

ಬಳಿಕ ತಳಿವಾರು ಅಳತೆಗಳು ಬಂದಂತೆ ಈ ಮಿತಿ ಸಡಿಲವಾಯಿತು. 2001ರಲ್ಲಿ ಲ್ಯಾಂಬ್ ಮತ್ತು ಸಂಗಡಿಗರಿಗೆ ಆರೋಗ್ಯವಂತ ಲ್ಯಾಬ್ರಡಾರುಗಳಲ್ಲಿ 10.8, ಬಾಕ್ಸರುಗಳಲ್ಲಿ 11.6 ಸರಾಸರಿ ಸಿಕ್ಕಿತು. ಬುಲ್‌ಡಾಗಿನದು ಬೇರೆಯೇ ಕಥೆ. ಅದರ ಕಶೇರುಮಣಿಗಳು ಹುಟ್ಟಿನಿಂದಲೇ ಮೊಟಕಾಗಿ, ಅರೆಯಾಗಿ ಇರುವುದುಂಟು. ಅಲ್ಲಿ ಹೃದಯ ದೊಡ್ಡದಲ್ಲ, ಅಳತೆಗೋಲೇ ಚಿಕ್ಕದು.

ನಮಗೆ ಹತ್ತಿರವಾದದ್ದು ಓಟದ ನಾಯಿಗಳ ಪ್ರಶ್ನೆ. ಗ್ರೇಹೌಂಡಿನ ಸರಾಸರಿ 10.5 ಎಂದು 2007ರ ಅಧ್ಯಯನವೊಂದು ತೋರಿಸಿತು. ವಿಪ್ಪೆಟ್ಟಿನದು ಸುಮಾರು 11. ಅಂದರೆ ಸಾಮಾನ್ಯ ಕೋಷ್ಟಕದ ಮೇಲ್ಮಿತಿ ಇಲ್ಲಿ ನಡುಬಿಂದುವಾಗುತ್ತದೆ, ಇಲ್ಲವೆ ಅದಕ್ಕೂ ಕೆಳಗೆ ಬೀಳುತ್ತದೆ. ಮೇಲಾಗಿ, ಕವಾಟ ನೆಟ್ಟಗಿರುವ ಗ್ರೇಹೌಂಡಿನಲ್ಲೂ ಮೆಲುವಾದ ಮರ್ಮರ (ಹೃದಯದ ಹೆಚ್ಚುವರಿ ಸದ್ದು) ಕೇಳಿಸುವುದು ಅಪರೂಪವಲ್ಲ. ಸ್ಟೆತಸ್ಕೋಪಿನಲ್ಲಿ ಮರ್ಮರ, ಚಿತ್ರದಲ್ಲಿ 10.9: ಎರಡು ಸಾಕ್ಷಿಗಳು ಒಂದನ್ನೊಂದು ಸಮರ್ಥಿಸಿದಂತೆ ಕಂಡರೂ ರೋಗ ಇಲ್ಲದಿರಬಹುದು. ಕರ್ನಾಟಕದ ಬೇಟೆತಳಿ ಮುಧೋಳದ್ದೂ ಇದೇ ಮೈಕಟ್ಟು. ಆಳವಾದ ಎದೆ, ಸಣ್ಣ ಸೊಂಟ, ಓಟಕ್ಕೆಂದೇ ಬೆಳೆಸಿದ ದೇಹ. ಅದರ ಎಕ್ಸ್-ರೇಗೆ 9.7ರ ಕೋಷ್ಟಕ ಹಿಡಿಯುವುದಕ್ಕೆ ನನಗಂತೂ ಸಮರ್ಥನೆ ಕಾಣುವುದಿಲ್ಲ. ಹಾಗೆಂದು ಗ್ರೇಹೌಂಡಿನ ಅಂಕಿಯನ್ನು ಕಣ್ಣುಮುಚ್ಚಿ ಎರವಲು ತರುವುದೂ ಸಲ್ಲದು.

ಔಷಧದ ನಿರ್ಧಾರದಲ್ಲಿ ಈ ಎಚ್ಚರ ಇನ್ನೂ ಮುಖ್ಯ. 2016ರಲ್ಲಿ ಪ್ರಕಟವಾದ ‘ಎಪಿಕ್’ ಪ್ರಯೋಗದಲ್ಲಿ ಮೈಟ್ರಲ್ ಕವಾಟ ಸವೆದ ನಾಯಿಗಳಿಗೆ ಪೈಮೊಬೆಂಡಾನ್ ಎಂಬ ಔಷಧ ಕೊಟ್ಟಾಗ ಹೃದಯ ವೈಫಲ್ಯ ಅಥವಾ ಹೃದ್ರೋಗದ ಸಾವು ಸರಿಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಈ ಫಲಿತಾಂಶ ನೆನಪಿಟ್ಟುಕೊಂಡವರು ಅದರ ಷರತ್ತುಗಳನ್ನು ಮರೆಯುತ್ತಾರೆ. ಅಲ್ಲಿ 10.5 ಮೀರಿದ ವಿಎಚ್‌ಎಸ್ ಒಂದೇ ಸಾಕಾಗಿರಲಿಲ್ಲ. ಮರ್ಮರದ ತೀವ್ರತೆ, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿ ಎರಡರ ಹಿಗ್ಗುವಿಕೆ, ಎಲ್ಲವೂ ಕೂಡಿಬರಬೇಕಿತ್ತು. ಆಯ್ದ ನಾಯಿಗಳ ತೂಕ 15 ಕಿಲೊ ಮೀರಿರಲಿಲ್ಲ. ಬೆಳೆದ ಮುಧೋಳ ಆ ಗುಂಪಿಗೆ ಸೇರುವುದೇ ಇಲ್ಲ.

ಅಳೆಯುವ ಕೈಯೂ ದೋಷಮುಕ್ತವಲ್ಲ. 2005ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಒಂದೇ ಚಿತ್ರವನ್ನು ಅಳೆದ ಬೇರೆಬೇರೆ ಪರೀಕ್ಷಕರ ನಡುವೆ ಸರಾಸರಿ ಒಂದು ಕಶೇರುಮಣಿಯಷ್ಟು ವ್ಯತ್ಯಾಸ ಬಂತು, ಅನುಭವ ಎಷ್ಟೇ ಇರಲಿ. ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ. ಎದೆ ತುಸು ತಿರುಚಿದರೂ ನೆರಳು ಬದಲಾಗುತ್ತದೆ. ಮಾಲೀಕರೇ ನಾಯಿಯ ಕಾಲು ಹಿಡಿದು ನಿಲ್ಲುವ ನಮ್ಮ ರೂಢಿಯಲ್ಲಿ ಈ ತಿರುಚು ಸಾಮಾನ್ಯ.

ಹಾಗಾದರೆ ಎಕ್ಸ್-ರೇ ಬೇಡವೇ? ಶ್ವಾಸಕೋಶದಲ್ಲಿ ನೀರು ತುಂಬಿದೆಯೇ ಎಂಬುದಕ್ಕೆ ಅದು ಕೊಡುವ ಚಿತ್ರವನ್ನು ಹೃದಯದ ಎಕೋ ಕೊಡಲಾರದು. ವಿಎಚ್‌ಎಸ್ ಕೂಡ ಹಳೆಯ ಚಿತ್ರದ ಪಕ್ಕದಲ್ಲಿಟ್ಟಾಗ ಉಪಯುಕ್ತ: ಅದೇ ನಾಯಿ, ಅದೇ ಮಗ್ಗುಲು, ಸಾಧ್ಯವಾದರೆ ಅದೇ ಪರೀಕ್ಷಕರು. ಒಂದು ವರ್ಷದಲ್ಲಿ 10.4ರಿಂದ 11.6ಕ್ಕೆ ಏರಿದರೆ ಅದಕ್ಕೆ ಅರ್ಥವಿದೆ, ಒಂಟಿ 10.9ಕ್ಕೆ ಅಷ್ಟಿಲ್ಲ.

ಮುಧೋಳ ನಾಯಿಗೆ ಬೇಕಾದದ್ದು ಅದರದೇ ಕೋಷ್ಟಕ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ವಂಶಾವಳಿ ಗೊತ್ತಿರುವ ಆರೋಗ್ಯವಂತ ನಾಯಿಗಳನ್ನು ಅಲ್ಲಿ ಬಲಮಗ್ಗುಲಲ್ಲಿ, ಪೂರ್ಣ ಉಸಿರೆಳೆದ ಕ್ಷಣದಲ್ಲಿ ಚಿತ್ರ ತೆಗೆದು, ಅದೇ ದಿನ ಎಕೋ ಮಾಡಿ, ವಯಸ್ಸು, ಲಿಂಗ, ತೂಕದೊಂದಿಗೆ ದಾಖಲಿಸಬಹುದು. ಪ್ರತಿ ಚಿತ್ರವನ್ನೂ ಕನಿಷ್ಠ ಇಬ್ಬರು ಪ್ರತ್ಯೇಕವಾಗಿ ಅಳೆಯಲಿ. ಆ ಕೋಷ್ಟಕ ಸಿದ್ಧವಾಗುವವರೆಗೆ, 11ರ ಆಸುಪಾಸಿನ ವಿಎಚ್‌ಎಸ್ ಬಂದ, ರೋಗಲಕ್ಷಣವಿಲ್ಲದ ಮುಧೋಳ ನಾಯಿಗೆ ಎಕೋ ಆಗದೆ ಔಷಧ ಬರೆಯಬಾರದು.